ತಾಳೆಯಾಗದ ವಿದ್ಯುತ್ತು: ಮನೆಯ ಆಘಾತ ರಕ್ಷಕಕ್ಕೂ ಬೇಕು ತಿಂಗಳ ತಪಾಸಣೆ

ವ್ಯಾಪಾರಸ್ಥರು ಗಲ್ಲಾಪೆಟ್ಟಿಗೆಯ ನಗದನ್ನು ಪ್ರತಿನಿತ್ಯ ಎಣಿಸುತ್ತಾರೆ. ದಾಸ್ತಾನನ್ನು ವರ್ಷಕ್ಕೊಮ್ಮೆಯಾದರೂ ತಾಳೆ ನೋಡುತ್ತಾರೆ. ಅಗ್ನಿವಿಮೆಯನ್ನು ತಪ್ಪದೆ ನವೀಕರಿಸುತ್ತಾರೆ. ಆದರೆ ಮನೆಮಂದಿಯ ಪ್ರಾಣ ಕಾಯಲೆಂದೇ ಮೀಟರಿನ ಬಳಿಯ ಪೆಟ್ಟಿಗೆಯಲ್ಲಿ ಅಳವಡಿಸಿರುವ ಆರ್‌ಸಿಸಿಬಿ ಎಂಬ ಸಾಧನವನ್ನು ನಮ್ಮಲ್ಲಿ ಅನೇಕರು ಒಮ್ಮೆಯೂ ಪರೀಕ್ಷಿಸಿರುವುದಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ಈ ಲೇಖಕನೂ ಅವರಲ್ಲೊಬ್ಬನಾಗಿದ್ದನು.

ಈ ಸಾಧನದ ಕಾರ್ಯವಿಧಾನ ಲೆಕ್ಕಪತ್ರ ಬಲ್ಲವರಿಗೆ ಸುಲಭವಾಗಿ ಅರ್ಥವಾಗುವಂಥದು. ಫೇಸ್ ತಂತಿಯಲ್ಲಿ ಹೋದಷ್ಟೇ ವಿದ್ಯುತ್ತು ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಬೇಕು. ಜಮಾ ಮತ್ತು ಖರ್ಚು ಸರಿಹೊಂದಬೇಕು. ಹೊಂದದಿದ್ದರೆ ಆ ವ್ಯತ್ಯಾಸದ ಮೊತ್ತ ಬೇರೆ ದಾರಿಯಲ್ಲಿ, ಬಹುಶಃ ಮನುಷ್ಯನ ಶರೀರದ ಮೂಲಕವೇ, ನೆಲಕ್ಕೆ ಸೋರುತ್ತಿದೆ ಎಂದರ್ಥ. ವ್ಯತ್ಯಾಸವು 30 ಮಿಲಿಆಂಪಿಯರ್ ಮುಟ್ಟಿದೊಡನೆ, ಹೆಚ್ಚೆಂದರೆ 0.3 ಸೆಕೆಂಡಿನೊಳಗೆ, ಸಾಧನವು ಸಂಪರ್ಕವನ್ನು ಕಡಿದುಹಾಕುತ್ತದೆ.

ಎಂಸಿಬಿ ಅಥವಾ ಫ್ಯೂಸ್ ಇದ್ದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಸಾಲದು. ಅವು ಕಾಯುವುದು ತಂತಿಗಳನ್ನು. 16 ಆಂಪಿಯರ್‌ನ ಎಂಸಿಬಿಯು ತಾಳಿಕೊಳ್ಳುವ ವಿದ್ಯುತ್ತು 30 ಮಿಲಿಆಂಪಿಯರ್‌ನ 500 ಪಟ್ಟಿಗಿಂತಲೂ ಅಧಿಕ. ಮನುಷ್ಯನ ಜೀವ ಹೋಗಲು ಅಷ್ಟು ಬೇಕಿಲ್ಲ. ಶರೀರವು ತಾಳಬಲ್ಲ ವಿದ್ಯುತ್ತನ್ನು ಅಭ್ಯಸಿಸಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯೆಲ್ ಅವರು 1961ರಲ್ಲಿ ಇದೇ ತತ್ತ್ವದ ಸಾಧನವನ್ನು ರೂಪಿಸಿದರು. ಅಮೆರಿಕದಲ್ಲಿ ಸ್ನಾನಗೃಹ, ಅಡುಗೆಮನೆಗಳ ಸಾಕೆಟ್ಟಿನಲ್ಲೇ ಅದು ಅಡಗಿರುತ್ತದೆ. ಸುಮಾರು 5 ಮಿಲಿಆಂಪಿಯರ್‌ಗೇ ಎಚ್ಚೆತ್ತುಕೊಳ್ಳುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇರುತ್ತದೆ.

ನಮ್ಮ ಮನೆಯಲ್ಲಿ ಒಂದು ಮಳೆಗಾಲದಲ್ಲಿ ಆ ಸನ್ನೆ ಪದೇ ಪದೇ ಬೀಳತೊಡಗಿತು. ಕರೆಸಿದ ಕೆಲಸಗಾರನು "ಸಾಧನವೇ ಕೆಟ್ಟಿದೆ" ಎಂದು ಹೇಳಿ ಅರ್ಧ ಗಂಟೆಯಲ್ಲಿ ತೊಂದರೆ ನಿವಾರಿಸಿದನು. ನಾವೂ ನೆಮ್ಮದಿಯಿಂದಿದ್ದೆವು. ತಿಂಗಳುಗಳ ತರುವಾಯ, ಕಕ್ಷಿದಾರರ ಕಾರ್ಖಾನೆಯೊಂದರಲ್ಲಿ ಪರೀಕ್ಷಾ ಗುಂಡಿ ಒತ್ತುವುದನ್ನು ಕಂಡು ಬಂದ ನಾನು ಮನೆಯಲ್ಲೂ ಒತ್ತಿ ನೋಡಿದೆ. ಸನ್ನೆಯೇನೋ ಬಿದ್ದಿತು, ದೀಪಗಳು ಮಾತ್ರ ಉರಿಯುತ್ತಲೇ ಇದ್ದವು! ಕೆಲಸಗಾರನು ಆರ್‌ಸಿಸಿಬಿಯನ್ನು ಬದಿಗಿರಿಸಿ, ಬಂದ ತಂತಿಯನ್ನು ನೇರವಾಗಿ ಎಂಸಿಬಿಗಳಿಗೆ ಜೋಡಿಸಿದ್ದನು. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಒಬ್ಬರು ಸರಿಪಡಿಸಿದಾಗ ನಿಜವಾದ ದೋಷ ಹೊರಬಿದ್ದಿತು: ಗೀಸರಿನ ಕಾಯಿಸುವ ಕೊಳವೆ ಬಿರುಕುಬಿಟ್ಟಿತ್ತು, ಅದರ ಅರ್ಥಿಂಗ್ ತಂತಿಯೂ ಸಡಿಲವಾಗಿತ್ತು. ಅಷ್ಟು ತಿಂಗಳು ಮನೆಯವರೆಲ್ಲರೂ ಅದೇ ನೀರಿನಲ್ಲಿ ಸ್ನಾನ ಮಾಡಿದ್ದರು. ಆಕ್ಷೇಪವೆತ್ತಿದ ಲೆಕ್ಕಪರಿಶೋಧಕನನ್ನೇ ಹೊರಗಟ್ಟಿ, ಆಕ್ಷೇಪ ತೀರಿತೆಂದು ನಾವು ಭಾವಿಸಿದ್ದೆವು.

ಆದ್ದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು ಇಂತಿವೆ:

1. ತಿಂಗಳಿಗೊಮ್ಮೆ 'ಟಿ' ಎಂಬ ಗುರುತಿನ ಗುಂಡಿಯನ್ನು ಒತ್ತಿರಿ. ಕಂಪ್ಯೂಟರ್‌ಗಳನ್ನು ಮೊದಲೇ ನಿಲ್ಲಿಸಿರಿ. ಸನ್ನೆ ಬೀಳುವುದಷ್ಟೇ ಅಲ್ಲ, ದೀಪಗಳು ಮತ್ತು ಸಾಕೆಟ್ಟುಗಳ ವಿದ್ಯುತ್ತು ನಿಂತಿತೇ ಎಂಬುದನ್ನೂ ಖಚಿತಪಡಿಸಿಕೊಳ್ಳಿರಿ.

2. ಸನ್ನೆ ತಾನಾಗಿ ಬಿದ್ದರೆ, ಎಲ್ಲ ಉಪಕರಣಗಳ ಪ್ಲಗ್ ತೆಗೆದು ಸನ್ನೆಯನ್ನು ಮೇಲೆತ್ತಿ, ಒಂದೊಂದನ್ನೇ ಜೋಡಿಸುತ್ತ ಬನ್ನಿರಿ. ಯಾವುದಕ್ಕೆ ಬೀಳುವುದೋ ಅದರಲ್ಲಿ ದೋಷವಿರುವ ಸಂಭವ ಹೆಚ್ಚು. ಇನ್ವರ್ಟರ್ ಅಳವಡಿಸಿದ ಬಳಿಕ ಬೀಳುತ್ತಿದ್ದರೆ ನ್ಯೂಟ್ರಲ್ ತಂತಿಗಳು ಬೆರೆತಿರಬಹುದು.

3. ಗುಂಡಿಯು ಅರ್ಥಿಂಗ್ ಅನ್ನು ಪರೀಕ್ಷಿಸುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಅಳತೆ ಮಾಡಿಸಬೇಕು.

4. ಒಂದು ಕೈ ಫೇಸನ್ನೂ ಮತ್ತೊಂದು ನ್ಯೂಟ್ರಲನ್ನೂ ಮುಟ್ಟಿದರೆ ಹೋದದ್ದೂ ಬಂದದ್ದೂ ಸಮನಾಗಿ, ಸಾಧನಕ್ಕೆ ವ್ಯತ್ಯಾಸವೇ ಕಾಣದಿರಬಹುದು. ಆರ್‌ಸಿಸಿಬಿ ಇದೆಯೆಂದು ಎಚ್ಚರ ತಪ್ಪಬಾರದು.

5. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿಯು ಗೃಹ ಸಂಪರ್ಕಗಳಿಗೆ 30, ಇತರ ಸಂಪರ್ಕಗಳಿಗೆ 100 ಮಿಲಿಆಂಪಿಯರ್ ಗರಿಷ್ಠ ಮಿತಿ ವಿಧಿಸಿದೆ. ಆದರೂ ಕಾರ್ಖಾನೆಯಲ್ಲಿ ಕಾರ್ಮಿಕರು ಕೈಯಲ್ಲಿ ಹಿಡಿದು ಬಳಸುವ ಡ್ರಿಲ್, ಗ್ರೈಂಡರ್‌ಗಳ ಸಾಕೆಟ್ಟುಗಳಿಗೆ 30ರದ್ದನ್ನೇ ಪ್ರತ್ಯೇಕವಾಗಿ ಅಳವಡಿಸುವುದು ಲೇಸು.

ನಾನು ಈಗ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ದಿನವೇ ಮನೆಯಲ್ಲೂ ಕಚೇರಿಯಲ್ಲೂ ಈ ಗುಂಡಿಯನ್ನು ಒತ್ತಿ, ದಿನಾಂಕವನ್ನು ಪೆಟ್ಟಿಗೆಯ ಬಾಗಿಲಿನ ಒಳಮೈಯಲ್ಲಿ ಬರೆದಿಡುತ್ತೇನೆ. ಖರ್ಚೇನೂ ಇಲ್ಲ, ಎರಡು ನಿಮಿಷದ ಕೆಲಸ. ಸದಸ್ಯರು ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಮೊದಲ ದಿನಾಂಕವನ್ನು ಬರೆಯುವರೆಂದು ಆಶಿಸುತ್ತೇನೆ.