ಕಚೇರಿಯ ಗಣಕಯಂತ್ರವೂ ಕಡತಗಳ ರಕ್ಷಣೆಯೂ

ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರು. ಪ್ರತಿ ಉಳಿದುದರಿಂದ ಗ್ರಂಥ ಉಳಿಯಿತು. ಶಾಲಾ ಕಚೇರಿಯ ಗಣಕಯಂತ್ರಕ್ಕೂ ಇದೇ ನ್ಯಾಯ.

ದಾಖಲಾತಿ, ವರ್ಗಾವಣೆ ಪತ್ರ, ದೇಣಿಗೆಯ ಲೆಕ್ಕಗಳನ್ನು ವಾರಕ್ಕೊಮ್ಮೆ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅದನ್ನು ಕಳಚಿ ಅನ್ಯ ಕೊಠಡಿಯಲ್ಲಿರಿಸತಕ್ಕದ್ದು. ಜೋಡಿಸಿಯೇ ಇಟ್ಟರೆ ವೈರಸ್ ಎರಡನ್ನೂ ಕೆಡಿಸಬಲ್ಲದು. ಹಳೆಯ ‘ನುಡಿ’ ಫಾಂಟಿನಲ್ಲಿ ಬೆರಳಚ್ಚಿಸಿದ ಕಡತಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುವುದರಿಂದ, ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು ಲೇಸು. ಗುಪ್ತಪದವನ್ನು ಗೋಡೆಗೆ ಅಂಟಿಸಬಾರದು. ಆಸನದಿಂದೇಳುವಾಗ ಪರದೆಗೆ ಬೀಗ ಹಾಕತಕ್ಕದ್ದು.

ಮೂವತ್ತು ವರ್ಷಗಳ ತರುವಾಯ ಜನ್ಮದಿನಾಂಕದ ದಾಖಲೆಗಾಗಿ ಬರುವ ಹಳೆಯ ವಿದ್ಯಾರ್ಥಿಯು ಬರಿಗೈಯಲ್ಲಿ ಹಿಂದಿರುಗದಿರುವುದೇ ಈ ಎಚ್ಚರದ ಫಲ.