ದವಡೆ ನೋವೇ? ಹಲ್ಲು ಕೀಳಿಸುವ ಮುನ್ನ ಓದಿ

ಬೆಳಗಿನ ಜಾವ ಹಾಲು ಕರೆಯಲು ಕೂತರೆ ಆಕಳಿಕೆ. ಆಕಳಿಸಿದರೆ ಕಿವಿಯ ಮುಂದೆ ‘ಟಕ್’ ಎಂಬ ಸದ್ದು. ಕೆನ್ನೆ, ಕಣತಲೆ ಬಿಗಿತ. ರೊಟ್ಟಿ ಅಗಿದರೆ ನೋವು. ಕಿವಿಗೆ ಎಣ್ಣೆ ಬಿಟ್ಟಾಯಿತು, ದವಡೆಹಲ್ಲು ಕೀಳಿಸಿಯೂ ಆಯಿತು, ನೋವು ಹೋಗಲಿಲ್ಲ ಎನ್ನುವವರಿದ್ದಾರೆ. ಅವರ ತೊಂದರೆ ದವಡೆಯ ಕೀಲಿನದ್ದಿರಬಹುದು.

ನೋವು ಬರುವುದೇಕೆ?
ಕೆಳದವಡೆ ತಲೆಬುರುಡೆಗೆ ಕೂಡುವುದು ಕಿವಿಯ ಮುಂದೆ. ಈ ಕೀಲು ಬಾಗಿಲಿನ ತಿರುಗಣಿಯಂತೆ ತಿರುಗುತ್ತದೆ, ಬಾಯಿ ಅಗಲಿಸಿದಾಗ ಮುಂದಕ್ಕೂ ಜಾರುತ್ತದೆ. ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ; ನಮ್ಮ ದವಡೆ ಅಂಥ ದುಡಿಮೆಗೆ ಆದದ್ದಲ್ಲ. ಸದಾ ಎಲೆಯಡಿಕೆ ಜಗಿಯುವುದು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಚಿಂತೆಯಲ್ಲಿ ಹಲ್ಲು ಬಿಗಿಹಿಡಿಯುವುದು, ದವಡೆಗೆ ಬಿದ್ದ ಪೆಟ್ಟು ಇವೆಲ್ಲ ಕೀಲನ್ನೂ ಸ್ನಾಯುವನ್ನೂ ದಣಿಸುತ್ತವೆ.

ಮನೆಯಲ್ಲಿ ಏನು ಮಾಡಬೇಕು?
ಬಹುತೇಕರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಸಣ್ಣ ಕ್ರಮಗಳನ್ನು ಒಟ್ಟಿಗೆ ಪಾಲಿಸಿದರೆ ಗುಣ ಹೆಚ್ಚು.

• ಕೆಲವು ದಿನ ಮೆತ್ತನೆಯ ಊಟ ಮಾಡಿ. ಮುದ್ದೆ ನುಂಗುವಂಥದ್ದು, ಬಹಳ ಒಳ್ಳೆಯದು. ಕಡಕ್ ರೊಟ್ಟಿ, ಚಕ್ಕುಲಿ, ಹುರಿಗಡಲೆ, ಕಬ್ಬು ಬೇಡ.
• ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ 15 ನಿಮಿಷ, ದಿನಕ್ಕೆ 2-3 ಸಲ ಶಾಖ ಕೊಡಿ.
• ತುಟಿ ಮುಚ್ಚಿದ್ದರೂ ಮೇಲಿನ, ಕೆಳಗಿನ ಹಲ್ಲು ತಾಗದಿರಲಿ. ಹಾಲು ಕರೆಯುವಾಗ, ಹುಲ್ಲು ಕೊಯ್ಯುವಾಗ ಇದನ್ನು ನೆನಪಿಸಿಕೊಳ್ಳಿ.
• ಆಕಳಿಸುವಾಗ ಗದ್ದಕ್ಕೆ ಕೈ ಆನಿಸಿ.

ನೋವಿಲ್ಲದೆ ಬರೀ ಸದ್ದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ.

ವೈದ್ಯರ ಬಳಿ
ಎರಡು ಮೂರು ವಾರದಲ್ಲಿ ತಗ್ಗದಿದ್ದರೆ ದಂತ ವೈದ್ಯರನ್ನು ಕಾಣಿ. ದವಡೆಯ ವ್ಯಾಯಾಮ, ಕೆಲವು ದಿನದ ನೋವಿನ ಮಾತ್ರೆ, ಹಲ್ಲು ಕಡಿಯುವವರಿಗೆ ರಾತ್ರಿ ಹಾಕಿಕೊಳ್ಳುವ ಅಚ್ಚು ಇವನ್ನು ಅಗತ್ಯ ನೋಡಿ ಸೇರಿಸಿ ಕೊಡುತ್ತಾರೆ. ಈ ನೋವಿಗೆ ಹಲ್ಲು ಕೀಳುವುದು, ಉಜ್ಜಿ ತಗ್ಗಿಸುವುದು ಮೊದಲ ದಾರಿಯಲ್ಲ. ಹೋದ ಹಲ್ಲು ಮತ್ತೆ ಬಾರದು. ಹಸುವಿಗೆಂದು ತಂದ ನೋವಿನ ಔಷಧಿಯನ್ನು ಎಂದೂ ಬಳಸಬೇಡಿ.

ಇವುಗಳಲ್ಲಿ ತಡ ಸಲ್ಲದು
• ಗಾಯವಾದ ಕೆಲವು ದಿನ ಅಥವಾ ವಾರಗಳಲ್ಲಿ ದವಡೆ ಬಿಗಿದುಕೊಂಡರೆ ಅದು ಧನುರ್ವಾಯು ಇರಬಹುದು. ಸಗಣಿ, ಮಣ್ಣಿನಲ್ಲಿ ಇದರ ರೋಗಾಣು ಇರುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ.
• ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಹೃದಯಾಘಾತ ಇರಬಹುದು.
• ಆಕಳಿಸಿ ತೆರೆದ ಬಾಯಿ ಮುಚ್ಚದಿದ್ದರೆ ಕೀಲು ಜಾರಿದೆ. ಮನೆಯಲ್ಲಿ ಒತ್ತಿ ಕೂರಿಸಲು ಹೋಗಬೇಡಿ.
• ಅಡಿಕೆ, ಗುಟ್ಕಾ ಜಗಿಯುವವರಿಗೆ ಬಾಯೊಳಗೆ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಿಡಿಯುತ್ತಿಲ್ಲ, ಖಾರ ತಿಂದರೆ ಉರಿ ಎಂದಾದರೆ ಅದು ಕೀಲಿನ ನೋವಲ್ಲದಿರಬಹುದು. ಬಾಯಿಯ ಒಳಪದರ ಗಡುಸಾಗುವ ಈ ರೋಗ ಮುಂದೆ ಕ್ಯಾನ್ಸರ್ ಆಗಬಲ್ಲದು. ಜಗಿಯುವುದನ್ನು ಇಂದೇ ಬಿಟ್ಟು ಪರೀಕ್ಷೆ ಮಾಡಿಸಿ.

ಹಸು ಮೇವು ಬಿಟ್ಟರೆ ಅಂದೇ ಡಾಕ್ಟರನ್ನು ಕರೆಸುತ್ತೇವೆ. ನಮ್ಮ ಬಾಯಿಗೂ ಅಷ್ಟೇ ಕಾಳಜಿ ಇರಲಿ.