ಮೈ ಬೆಚ್ಚಗಿದ್ದಾಗ ಮೈದಾನಕ್ಕೆ ಹೋಗಬೇಕಾ?

ಹಾಸ್ಟೆಲ್‌ನಲ್ಲಿ ಇರೋರಿಗೆ ಈ ಜಗಳ ಹೊಸದಲ್ಲ. ಬೆಳಗ್ಗೆ ಐದೂವರೆಗೆ ಅಲಾರಾಂ ಹೊಡೀತದ, ಎದ್ದು ನೋಡಿದ್ರೆ ಗಂಟಲು ಕೆರೀತಿರ್ತದ, ಮೂಗು ಕಟ್ಟಿರ್ತದ. ಒಬ್ಬ ರೂಮ್‌ಮೇಟ್ "ಬ್ಯಾಡಲೇ, ಸುಮ್ನ ಮಲ್ಕೋ" ಅಂತಾನೆ. ಇನ್ನೊಬ್ಬ "ನಾಕ್ ರೌಂಡ್ ಓಡು, ಬೆವರು ಬಂದ್ರ ಎಲ್ಲಾ ಇಳೀತದ" ಅಂತಾನೆ. ಇಬ್ಬರೂ ಡಾಕ್ಟರ್ ಅಲ್ಲ, ಇಬ್ಬರೂ ಮೆಕ್ಯಾನಿಕಲ್. ಆದರೂ ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ. ಯಾವ ಅರ್ಧ ಯಾವಾಗ ನಿಜ ಅನ್ನೋದೇ ಪ್ರಶ್ನೆ.

ಜಿಮ್‌ಗೆ ಬೈಸೆಪ್ಸ್ ಬೆಳೆಸೋಕೆ ಹೋಗುವವರಿಗೆ ಒಂದು ವಾರ ತಪ್ಪಿದರೆ ಹೋಗೋದೇನಿಲ್ಲ. ಆದರೆ ಕಮಲಾಪುರ ಕಡೆಯಿಂದ ಬರುವ ನಮ್ಮ ಗೆಳೆಯರನ್ನು ನೋಡಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಊರು ಅದು. ಹೊರಗಿನವರಿಗೆ ಅಲ್ಲಿನ ಕೆಂಪು ಬಾಳೆಹಣ್ಣು ಗೊತ್ತು, ಅದಕ್ಕೆ ಜಿಐ ಟ್ಯಾಗ್ ಕೂಡ ಇದೆ. ಬೆಳಕು ಹರಿಯುವ ಮುಂಚೆ ರಸ್ತೆ ಬದಿಗೆ ಓಡುವ ಹುಡುಗರು ಗೊತ್ತಿರೋದು ಊರಿನವರಿಗೆ ಮಾತ್ರ. ಅವರೆಲ್ಲ ಪೊಲೀಸ್ ಕಾನ್‌ಸ್ಟೇಬಲ್ ಭರ್ತಿಗೋ ಸೈನ್ಯಕ್ಕೋ ತಯಾರಾಗ್ತಿರೋರು. ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಹುಡುಗರಿಗೆ 1600 ಮೀಟರ್ ಓಟ, ಆರೂವರೆ ನಿಮಿಷ. ಏಳು ಸೆಕೆಂಡ್ ಹೆಚ್ಚಾದ್ರೆ ಮನೆಗೆ ವಾಪಸ್. ಅಂಥವನಿಗೆ ಜ್ವರ ಬಂದಾಗ "ರೆಸ್ಟ್ ಮಾಡಪ್ಪ" ಅನ್ನೋದು ನಮಗೆ ಸುಲಭ. ಮನೆಯಲ್ಲಿ ಅವ್ವ-ಅಪ್ಪ ವರ್ಷದಿಂದ ಕಾಯ್ತಿರ್ತಾರೆ. ಹಾಗಾಗಿ ಬರೀ "ಬೇಡ" ಅಂದರೆ ಸಾಲದು, ಯಾಕೆ ಬೇಡ, ಎಷ್ಟು ದಿನ ಬೇಡ, ಯಾವಾಗ ಪರವಾಗಿಲ್ಲ ಅನ್ನೋದನ್ನ ಬಿಡಿಸಿ ಹೇಳಬೇಕು.

ಮೊದಲು ಸುಲಭದ್ದು. ಕ್ರೀಡಾ ವೈದ್ಯರು ಬಳಸುವ ಒಂದು ಕುತ್ತಿಗೆ ಲೆಕ್ಕ ಇದೆ. ಅಮೆರಿಕದ ಒಕ್ಲಹೋಮಾದ ವೈದ್ಯ ರ‍್ಯಾಂಡಿ ಐಕ್ನರ್ 1990ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ತೊಂದರೆ ಎಲ್ಲಾ ಕುತ್ತಿಗೆಯ ಮೇಲೆಯೇ ಇದ್ದರೆ, ಅಂದ್ರೆ ಮೂಗು ಸೋರುವುದು, ಸೀನು, ಸ್ವಲ್ಪ ಗಂಟಲು ಕೆರೆತ, ಆಗ ಹಗುರವಾಗಿ ಶುರು ಮಾಡಬಹುದು. ಹತ್ತು ನಿಮಿಷ ಅರ್ಧ ವೇಗದಲ್ಲಿ ನಡೆದು ಅಥವಾ ಓಡಿ ನೋಡೋದು. ಮೂಗು ಬಿಟ್ಟು ಮೈ ಹಗುರ ಆದರೆ ಮುಂದುವರಿಸೋದು, ತಲೆ ಸಿಡಿಯೋಕೆ ಶುರುವಾದರೆ ವಾಪಸ್. ಕುತ್ತಿಗೆಯ ಕೆಳಗೆ ಇಳಿದಿದ್ದರೆ, ಅಂದ್ರೆ ಎದೆಯಲ್ಲಿ ಕಫ, ಕೆಮ್ಮು, ಮೈಕೈ ನೋವು, ವಾಂತಿ-ಭೇದಿ ಇದ್ದರೆ, ಶೂ ಹಾಕೋದೇ ಬೇಡ. ಜ್ವರ ಇದ್ದರೆ ಮೇಲೆ-ಕೆಳಗೆ ಅನ್ನೋ ಲೆಕ್ಕವೇ ಇಲ್ಲ.

ಇದು ಬರೀ ಅನುಭವದ ಮಾತಲ್ಲ, ಮೊದಲ ಅರ್ಧಕ್ಕೆ ಪ್ರಯೋಗದ ಆಧಾರವೂ ಇದೆ. ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ವೈಡ್ನರ್ ಮತ್ತವರ ತಂಡ 50 ವಿದ್ಯಾರ್ಥಿಗಳಿಗೆ ಬೇಕಂತಲೇ ನೆಗಡಿಯ ರೈನೋವೈರಸ್ ಅಂಟಿಸಿತು. (ನಮ್ಮ ಹಾಸ್ಟೆಲ್‌ನಲ್ಲಿ ಇದಕ್ಕೆ ವಿಜ್ಞಾನಿಗಳೇ ಬೇಕಾಗಿಲ್ಲ, ಒಂದು ರೂಮಿಗೆ ಬಂದರೆ ಸಾಕು.) 34 ಮಂದಿ ದಿನ ಬಿಟ್ಟು ದಿನ 40 ನಿಮಿಷ ಮಧ್ಯಮ ವ್ಯಾಯಾಮ ಮಾಡಿದರು, 16 ಮಂದಿ ಮಾಡಲಿಲ್ಲ. ಹತ್ತು ದಿನ ಆದ ಮೇಲೆ ನೋಡಿದರೆ ಎರಡು ಗುಂಪಿಗೂ ನೆಗಡಿಯ ತೀವ್ರತೆ, ದಿನಗಳು ಹೆಚ್ಚುಕಡಿಮೆ ಒಂದೇ. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಇದರ ಅರ್ಥ ಎರಡೂ ಕಡೆ ಹೋಗ್ತದ: ಸಾಮಾನ್ಯ ನೆಗಡಿಯಲ್ಲಿ ಹಗುರ ವ್ಯಾಯಾಮ ಕೇಡು ಮಾಡಲಿಲ್ಲ, ಬೇಗ ವಾಸಿ ಮಾಡಲೂ ಇಲ್ಲ. ಅಲ್ಲಿದ್ದದ್ದು ಆರೋಗ್ಯವಂತ ಹುಡುಗ-ಹುಡುಗಿಯರು, ಬರೀ ನೆಗಡಿ, ಮಧ್ಯಮ ವೇಗ. ಅದನ್ನೇ ಹಿಡಿದು ಜ್ವರದಲ್ಲಿ ಓಡಬಹುದು ಅಂದ್ರೆ ತಪ್ಪಾಗ್ತದ.

ಈಗ "ಬೆವರು ಬಂದ್ರ ಜ್ವರ ಇಳೀತದ" ಅನ್ನೋ ಮಾತಿಗೆ ಬರೋಣ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಥಟ್ಟನೆ ಹೊಳೀಬೇಕು. ಮಿದುಳಿನ ಹೈಪೋಥಲಾಮಸ್ ನಮ್ಮ ಮೈಯ ಥರ್ಮೋಸ್ಟಾಟ್. ಮಾಮೂಲಿ ದಿನ ಅದರ ಸೆಟ್ ಪಾಯಿಂಟ್ 37 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಸೋಂಕು ಆದಾಗ ಪ್ರೋಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಆ ಸೆಟ್ ಪಾಯಿಂಟನ್ನೇ 39ಕ್ಕೆ ಏರಿಸ್ತದ. ಮೈ ಇನ್ನೂ 37ರಲ್ಲೇ ಇರುವುದರಿಂದ ಮಿದುಳಿಗೆ "ಚಳಿ ಆಗ್ಯದ" ಅನ್ನಿಸ್ತದ. ಅದಕ್ಕೇ ಮೇ ತಿಂಗಳಲ್ಲೂ ರಗ್ಗು ಹೊದ್ದು ನಡುಗೋದು. ಆ ನಡುಕವೇ ಹೀಟರ್. 39 ಮುಟ್ಟಿದ ಮೇಲೆ ನಡುಕ ನಿಲ್ತದ. ಸೋಂಕು ಸೋತಾಗ ಅಥವಾ ಪ್ಯಾರಾಸಿಟಮಾಲ್ ತಗೊಂಡಾಗ ಸೆಟ್ ಪಾಯಿಂಟ್ ಮತ್ತೆ 37ಕ್ಕೆ ಇಳೀತದ, ಆಗ ಹೆಚ್ಚಾದ ಶಾಖ ಹೊರಹಾಕೋಕೆ ಮೈ ಬೆವರ್ತದ. ಅಂದ್ರೆ ಬೆವರು ಬಂದಿದ್ದಕ್ಕೆ ಜ್ವರ ಇಳಿಯಲಿಲ್ಲ, ಜ್ವರ ಇಳಿಯೋಕೆ ಶುರುವಾಗಿದ್ದಕ್ಕೆ ಬೆವರು ಬಂತು. ನಮ್ಮ ಹಿರಿಯರು ಎರಡನ್ನೂ ಒಟ್ಟಿಗೆ ನೋಡಿದ್ದು ಸರಿ, ಯಾವುದು ಕಾರಣ ಯಾವುದು ಪರಿಣಾಮ ಅನ್ನೋದು ಮಾತ್ರ ತಿರುಗು ಮುರುಗಾಯಿತು.

ಹಾಗಾದ್ರೆ ಓಡಿ ಬೆವರು ತರಿಸಿದರೆ ಏನಾಗ್ತದ? ಒಂದು ಒರಟು ಲೆಕ್ಕ ಹಾಕಿ. 70 ಕೆಜಿ ತೂಕದವನು ಅರ್ಧ ಗಂಟೆಯಲ್ಲಿ 4 ಕಿಲೋಮೀಟರ್ ಓಡಿದರೆ ಸುಮಾರು 280 ಕಿಲೋ ಕ್ಯಾಲರಿ ಖರ್ಚು. ಸ್ನಾಯುವಿನ ದಕ್ಷತೆ ಹೆಚ್ಚೆಂದರೆ ಕಾಲು ಭಾಗ, ನಮ್ಮ ಹಳೇ ಡೀಸೆಲ್ ಎಂಜಿನ್‌ಗಿಂತ ಮೇಲೇನಲ್ಲ. ಉಳಿದ 210 ಶಾಖ. ಮೈಯ ವಿಶಿಷ್ಟ ಉಷ್ಣ ಒಂದು ಕೆಜಿಗೆ 0.83 ಕಿಲೋ ಕ್ಯಾಲರಿ, ಅಂದ್ರೆ 70 ಕೆಜಿಯನ್ನು ಒಂದು ಡಿಗ್ರಿ ಏರಿಸೋಕೆ 58 ಸಾಕು. ಶಾಖ ಎಲ್ಲೂ ಹೋಗದಿದ್ದರೆ ಮೈ ಮೂರೂವರೆ ಡಿಗ್ರಿ ಏರ್ತದ. ಆರೋಗ್ಯವಾಗಿದ್ದಾಗ ಹೀಗಾಗೋದಿಲ್ಲ, ಯಾಕಂದ್ರೆ ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಹೊರಗೆ ಹೋಗ್ತದ. 210ಕ್ಕೆ ಅರ್ಧ ಲೀಟರೂ ಬೇಡ. ಆದರೆ ಜ್ವರ ಏರುವ ಹೊತ್ತಿನಲ್ಲಿ ಇದೇ ಕೂಲಿಂಗ್ ಸಿಸ್ಟಮ್ಮನ್ನು ಮೈ ತಾನೇ ಬಂದ್ ಮಾಡಿರ್ತದ. ಚರ್ಮದ ರಕ್ತನಾಳ ಮುದುಡಿರ್ತಾವ, ಬೆವರು ತಡವಾಗಿ ಬರ್ತದ. ಆಗಲೇ 39ರಲ್ಲಿ ಇರೋ ಮೈಗೆ ಮೇಲಿಂದ ಈ ಶಾಖ.

ಇದರ ಮೇಲೆ ನಮ್ಮ ಕಲಬುರಗಿ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗೀತಾವ. ಹೊರಗೆ 42 ಡಿಗ್ರಿ, ಚರ್ಮ 35-36. ಶಾಖ ಬಿಸಿಯಿಂದ ತಣ್ಣಗಿನ ಕಡೆಗೆ ಹರೀತದ ಅಂತ ಥರ್ಮೋಡೈನಾಮಿಕ್ಸ್ ಮೊದಲ ಕ್ಲಾಸಲ್ಲೇ ಹೇಳಿರ್ತಾರ, ಅಂದ್ರೆ ಇಲ್ಲಿ ಗಾಳಿಯೇ ನಮ್ಮನ್ನು ಕಾಯಿಸ್ತದ. ಉಳಿದ ಒಂದೇ ದಾರಿ ಬೆವರು. ಬೆಂಗಳೂರಿನ ಪಾರ್ಕಿನಲ್ಲಿ ತಡ್ಕೊಳ್ಳೋ ನಿರ್ಧಾರ ಚಂದ್ರಶೇಖರ ಪಾಟೀಲ ಸ್ಟೇಡಿಯಂನಲ್ಲಿ ತಡೆಯೋದಿಲ್ಲ. 2024ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೇಬಲ್ ಭರ್ತಿಯ ಓಟದ ಸಮಯದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು, ಅಲ್ಲಿನ ಸರ್ಕಾರ ಪರೀಕ್ಷೆಯನ್ನು ಕೆಲ ದಿನ ನಿಲ್ಲಿಸಬೇಕಾಯಿತು. ಓಡಬೇಕಾಗಿದ್ದದ್ದು 10 ಕಿಲೋಮೀಟರ್. ಅವರೂ ನಮ್ಮಂಥ ಹುಡುಗರೇ.

ಶಾಖದ ಲೆಕ್ಕ ಬಿಟ್ಟರೂ ಹೃದಯದ ಲೆಕ್ಕ ಇದೆ, ಅದು ಇನ್ನೂ ಗಂಭೀರ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು ಹತ್ತು ಹೆಚ್ಚಾಗ್ತದ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಇಳಿದು ಅಲ್ಲಿ ಊತ ತರ್ತಾವ. ಇದಕ್ಕೆ ಮಯೋಕಾರ್ಡೈಟಿಸ್ ಅಂತಾರೆ. ಊದಿದ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಸರಿಯಾಗಿ ಹರಿಯೋದಿಲ್ಲ, ಜೋರಾಗಿ ಓಡಿದಾಗ ಬಡಿತದ ಲಯವೇ ತಪ್ಪಬಹುದು. 1970ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಕ್ಸಾಕಿ ವೈರಸ್ ತಗುಲಿದ ಇಲಿಗಳನ್ನು ಈಜಿಸಿದಾಗ ಅವುಗಳ ಹೃದಯದಲ್ಲಿ ವೈರಸ್ ಹಲವು ನೂರು ಪಟ್ಟು ಹೆಚ್ಚಿತು. ಮನುಷ್ಯರ ವಿಷಯಕ್ಕೆ ಸ್ವೀಡನ್ ಕಥೆ ಕೇಳಿ. ಅಲ್ಲಿ ನಕ್ಷೆ ಹಿಡಿದು ಕಾಡಿನಲ್ಲಿ ಓಡುವ ಓರಿಯೆಂಟೀರಿಂಗ್ ಬಹಳ ಜನಪ್ರಿಯ ಆಟ. 1979ರಿಂದ 1992ರ ನಡುವೆ 16 ಯುವ ಓಟಗಾರರು ಇದ್ದಕ್ಕಿದ್ದಂತೆ ಸತ್ತರು. ಹಲವರ ಹೃದಯದಲ್ಲಿ ಇದೇ ಊತ ಕಂಡಿತು. ಕೊನೆಗೆ ಎತ್ತರದ ಮಟ್ಟದ ಓಟಗಾರರ ತರಬೇತಿ, ಸ್ಪರ್ಧೆ ಎರಡನ್ನೂ ಆರು ತಿಂಗಳು ನಿಲ್ಲಿಸಿದರು, ಸೋಂಕು ಇದ್ದಾಗ ಓಡಬೇಡಿ ಅಂತ ಮತ್ತೆ ಮತ್ತೆ ಹೇಳಿದರು. ಸಾವಿನ ಸರಣಿ ನಿಂತಿತು.

ಕೋವಿಡ್ ಬಂದಾಗ ಇದೇ ಭಯ ಮರಳಿತು. ಅದರಿಂದ ಭಾರತದ ಮೊದಲ ಸಾವು ವರದಿಯಾಗಿದ್ದು 2020ರ ಮಾರ್ಚ್‌ನಲ್ಲಿ ನಮ್ಮ ಊರಿನಿಂದಲೇ. ಸೋಂಕಿನಿಂದ ಚೇತರಿಸಿಕೊಂಡ ಅಮೆರಿಕದ 1,597 ಕಾಲೇಜು ಕ್ರೀಡಾಪಟುಗಳನ್ನು ಎಂಆರ್‌ಐ ಮಾಡಿ ನೋಡಿದಾಗ 37 ಮಂದಿಯಲ್ಲಿ ಹೃದಯದ ಊತ ಸಿಕ್ಕಿತು, ಅವರಲ್ಲಿ ಬಹಳಷ್ಟು ಜನರಿಗೆ ಎದೆನೋವು ಏನೂ ಇರಲಿಲ್ಲ. ನೂರರಲ್ಲಿ ಇಬ್ಬರು ಮೂವರು. ಕಡಿಮೆ ಅನ್ನಿಸ್ತದ, ಆದರೆ ಯಾವ ಇಬ್ಬರು ಅಂತ ಮೊದಲೇ ಗೊತ್ತಾಗೋದಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡ ಮೇಲೆ ಎಷ್ಟೋ ಮನೆಗಳಲ್ಲಿ "ಜಿಮ್ ಬಿಡು" ಅಂದರು. ಅಪ್ಪು ಪ್ರಕರಣಕ್ಕೂ ಜ್ವರಕ್ಕೂ ಸಂಬಂಧ ಹಚ್ಚಬೇಕಾಗಿಲ್ಲ, ಜಿಮ್ ಬಿಡೋದೂ ಉತ್ತರ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ನೆನಪಿಡಬೇಕಾದ್ದು ಇಷ್ಟೇ: ಎದೆ ಹಿಡಿದಂಗ ಆಗೋದು, ಮೆಟ್ಟಿಲು ಹತ್ತಿದರೆ ಎಂದೂ ಇಲ್ಲದ ಏದುಸಿರು, ಎದೆ ಡವಡವ ಅಂತ ಲಯ ತಪ್ಪೋದು, ತಲೆ ಸುತ್ತಿ ಬೀಳೋದು. ಜ್ವರ ಇರಲಿ ಬಿಡಲಿ, ಇವು ಕಂಡರೆ ಅವತ್ತೇ ಇಸಿಜಿ. ಗ್ಯಾಸ್ ಅಂತ ಸೋಡಾ ಕುಡಿದು ಮಲಗೋದಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಇನ್ನೊಂದು ಸಮಸ್ಯೆ, ಡೆಂಗಿ. ಇದರ ಮೋಸ ಏನಂದ್ರೆ, ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳೀತದ, ಹುಡುಗ "ಆರಾಮ್ ಆದೆ" ಅಂತ ಶೂ ಹಾಕ್ತಾನೆ. ನಿಜವಾದ ಅಪಾಯ ಶುರುವಾಗೋದೇ ಆಗ. ರಕ್ತನಾಳದಿಂದ ದ್ರವ ಸೋರ್ತದ, ಪ್ಲೇಟ್‌ಲೆಟ್ ಇಳಿದಿರ್ತದ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆ. ಭಾರ ಎತ್ತೋದು, ಕಬಡ್ಡಿ, ಕುಸ್ತಿ ಎಲ್ಲಾ ಪ್ಲೇಟ್‌ಲೆಟ್ ಸರಿಯಾಗಿ ವೈದ್ಯರು ಹ್ಞೂಂ ಅನ್ನುವವರೆಗೆ ಬೇಡ. ಮೈನೋವಿಗೆ ಐಬುಪ್ರೊಫೆನ್, ಡೈಕ್ಲೋಫಿನಾಕ್, ಆಸ್ಪಿರಿನ್ ಕೂಡ ಬೇಡ, ರಕ್ತಸ್ರಾವ ಹೆಚ್ಚಾಗ್ತದ. ಮಲೇರಿಯಾದಲ್ಲಿ ಗುಲ್ಮ ಊದಿರ್ತದ, ಟೈಫಾಯ್ಡ್‌ನಲ್ಲಿ ಕರುಳಿನ ಗೋಡೆ ತೆಳುವಾಗಿರ್ತದ. ಅಂಥ ಹೊಟ್ಟೆಗೆ ಒಂದು ಮೊಣಕೈ ಏಟು ಬಿದ್ದರೂ ಕಷ್ಟ.

ಭೇದಿ ಆದಾಗಿನ ಮಾತು ಸಣ್ಣದು. ನೀರು, ಉಪ್ಪು ಎರಡೂ ಹೋಗಿರ್ತಾವ, ಓಡಿದರೆ ಇನ್ನಷ್ಟು ಹೋಗ್ತಾವ. ಓಆರ್‌ಎಸ್ ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಮೆಡಿಕಲ್ ಶಾಪಿನ ಗುಳಿಗೆಗಳ ಬಗ್ಗೆಯೂ ಹೇಳಲೇಬೇಕು. ಪ್ಯಾರಾಸಿಟಮಾಲ್ ನುಂಗಿ ಜ್ವರ ಇಳಿಸಿ ಓಡೋದು ಅಂದ್ರೆ ಮೀಟರಿನ ಮುಳ್ಳು ಕೆಳಗಿಟ್ಟು ಎಂಜಿನ್ ಸರಿಯಾಯ್ತು ಅಂದಂಗ. ಸೋಂಕು ಅಲ್ಲೇ ಇರ್ತದ. ನೆಗಡಿ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವ ಫಿನೈಲೆಫ್ರಿನ್ ರಕ್ತದೊತ್ತಡ ಏರಿಸಬಹುದು, ಕ್ಲೋರ್‌ಫೆನಿರಮಿನ್ ತೂಕಡಿಕೆ ತರ್ತದ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಥರದ ಆ್ಯಂಟಿಬಯೋಟಿಕ್ ತಗೊಂಡವರಿಗೆ ಹಿಮ್ಮಡಿ ಮೇಲಿನ ಸ್ನಾಯುರಜ್ಜು ಹರಿಯುವ ಅಪಾಯ ಇದೆ ಅಂತ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ದೊಡ್ಡ ಎಚ್ಚರಿಕೆ ಹಾಕಿಸಿದ್ದಾರೆ. ಓಟಗಾರನಿಗೆ ಹಿಮ್ಮಡಿ ಹೋದರೆ ಉಳಿಯೋದೇನು?

ಇನ್ನು ವಾಪಸ್ ಯಾವಾಗ? ಗುಳಿಗೆ ಇಲ್ಲದೆ ಪೂರ್ತಿ ಒಂದು ದಿನ ಜ್ವರ ಬಾರದಿದ್ದರೆ ನಡಿಗೆಯಿಂದ ಶುರು. ಅಪ್ಪನ ಕೆರೆ ಸುತ್ತ ಸಂಜೆ ಒಂದು ಸುತ್ತು, ಅಷ್ಟೇ. ಮರುದಿನ ಮಾಮೂಲಿಯ ಅರ್ಧ, ಅದರಾಚೆ ಮುಕ್ಕಾಲು. ಪುಕ್ಕಟೆ ಮೀಟರ್ ಒಂದಿದೆ: ಆರಾಮಿದ್ದಾಗಲೇ ನಾಲ್ಕು ದಿನ ಬೆಳಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿ ಬರೆದಿಟ್ಟುಕೊಳ್ಳಿ. ಕಾಯಿಲೆ ಆದ ಮೇಲೆ ಅದಕ್ಕಿಂತ ಹತ್ತು ಹೆಚ್ಚಿದ್ದರೆ ಮೈ ಇನ್ನೂ ಒಳಗೆ ಹೊಡೆದಾಡ್ತಿದೆ ಅಂತ. ಹೃದಯದ ಊತ ಅಂತ ಗೊತ್ತಾದವರಿಗೆ ಮಾತ್ರ ಲೆಕ್ಕ ಬೇರೆ, ಮೂರರಿಂದ ಆರು ತಿಂಗಳು ಆಟ ಬಂದ್. ಓಟದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿದೆ ಅನ್ನೋ ಗುಮಾನಿ, ತಡ ಮಾಡಬಾರದು.

ಓಟ ಬಿಟ್ಟರೆ ಕಸುವು ಹೋಗ್ತದ ಅನ್ನೋ ಭಯಕ್ಕೆ ಉತ್ತರ: ತಿಂಗಳುಗಟ್ಟಲೆ ಗಳಿಸಿದ್ದು ನಾಲ್ಕೈದು ದಿನಕ್ಕೆ ಹೋಗೋದಿಲ್ಲ, ಗಮನಕ್ಕೆ ಬರುವಷ್ಟು ಇಳಿಯೋಕೆ ವಾರ ಎರಡು ವಾರ ಬೇಕು. ಪರೀಕ್ಷೆಗೆ ಹದಿನೈದು ದಿನ ಇದ್ದರೆ ಐದು ದಿನ ಮಲಗಿದವನು ಪಾಸಾಗಬಹುದು, ಜ್ವರದಲ್ಲೇ ಓಡಿ ಎರಡು ವಾರ ಎಳೆಸಿಕೊಂಡವನಿಗೆ ಕಷ್ಟ. ಪರೀಕ್ಷೆಯ ದಿನವೇ ಜ್ವರ ಬಂದರೆ? ನಿಜಕ್ಕೂ ಕಠಿಣ ಪ್ರಶ್ನೆ. ಕಾಲ್ ಲೆಟರ್‌ನ ನಿಯಮ ಪೂರ್ತಿ ಓದಿ, ಸರ್ಕಾರಿ ವೈದ್ಯರ ಸರ್ಟಿಫಿಕೇಟ್ ತಗೊಂಡು, ಬೇರೆ ದಿನ ಕೊಡ್ತೀರಾ ಅಂತ ಮೈದಾನದ ಅಧಿಕಾರಿಗೆ ಅರ್ಜಿ ಕೊಡಿ. ಕೊಡದೇ ಇರಬಹುದು. ಆಗಲೂ ಥರ್ಮಾಮೀಟರ್ 102 ತೋರಿಸ್ತಿದ್ರೆ ನಾನು ನನ್ನ ತಮ್ಮನಿಗೆ ಹೇಳೋದು ಒಂದೇ, ಓಡಬ್ಯಾಡ. ಮುಂದಿನ ನೋಟಿಫಿಕೇಶನ್ ಬರ್ತದ.